ಅಲಾರಾಂ ಒಳ್ಳೆಯದು, ಕೋಡ್ ಕೊಡದ ಅಂಗಡಿ ಒಳ್ಳೆಯದಲ್ಲ

ಶಿರಸಿಯ ಅಂಗಡಿಯೊಂದರಿಂದ ನಮ್ಮ ಮನೆಗೆ ಕಳ್ಳರ ಅಲಾರಾಂ ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹಾಕಿಕೊಟ್ಟ ಅಂಗಡಿಗೆ ಒಂದು. ಅದೂ ತಂತಿ ಎಳೆದ ಹುಡುಗನ ಕೈಕೆಲಸ ಅಚ್ಚುಕಟ್ಟಾಗಿತ್ತು ಎಂಬ ಕಾರಣಕ್ಕೆ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ಕುಮಟಾ, ಅಂಕೋಲಾ ಕಡೆಯ ನೆಂಟರು ಹೇಳುವುದನ್ನು ಕೇಳಿದರೆ ಇದು ಒಬ್ಬ ವ್ಯಾಪಾರಿಯ ಗುಣವಾಗಿ ಕಾಣುವುದಿಲ್ಲ, ಈ ವ್ಯಾಪಾರದಲ್ಲೇ ಬೇರೂರಿದ ಅಭ್ಯಾಸವಾಗಿ ಕಾಣುತ್ತದೆ.

ನಮ್ಮದು ಹುಲೇಕಲ್ ರಸ್ತೆಯಿಂದ ಒಳಗೆ, ತೋಟದ ಅಂಚಿನಲ್ಲಿರುವ ಮನೆ. ಪಕ್ಕದ ಮನೆ ಕೂಗಳತೆಯಲ್ಲಿದೆ. ಆದರೆ ಆಷಾಢದ ಮಳೆ ಹಂಚಿನ ಮೇಲೆ ಹೊಯ್ಯುವಾಗ ಯಾರ ಕೂಗೂ ಅಂಗಳ ದಾಟುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನಾನು, ತೋಟ ನೋಡಿಕೊಳ್ಳುವ ನಮ್ಮ ಯಜಮಾನರು, ಇಬ್ಬರೇ ಮನೆಯಲ್ಲಿ. ಅಡಿಕೆ ಬೆಳೆಯುವವರ ಮನೆಯಲ್ಲಿ ದರ ಏರುವವರೆಗೆ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಚೀಲಗಟ್ಟಲೆ ಅಟ್ಟದ ಮೇಲಿರುತ್ತದೆ. ವರ್ಷದ ದುಡಿಮೆಯೆಲ್ಲ ಅಲ್ಲಿಯೇ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ, ಬೇಸಿಗೆಯ ಮದುವೆ ಉಪನಯನಗಳಿಗೆ ಕೇರಿಯೇ ಬೀಗ ಹಾಕಿಕೊಂಡು ಹೊರಡುತ್ತದೆ. ಯಾವ ಮನೆಯಲ್ಲಿ ಎಂದು ಜನ ಇರುವುದಿಲ್ಲ ಎಂಬುದನ್ನು ತಿಳಿಯಲು ಕಳ್ಳ ಬುದ್ಧಿವಂತನಾಗಬೇಕಿಲ್ಲ. 2024ರ ಮಾರಿಜಾತ್ರೆಗೆ ಮುಂಚೆ ಅಲಾರಾಂ ಹಾಕಿಸೋಣ ಎಂದು ಮಗಳು ಹಟ ಹಿಡಿದಳು. ನಾವು ಒಪ್ಪಿದೆವು.

ಜಿ.ಎಸ್.ಟಿ. ಸೇರಿ 26,500 ರೂಪಾಯಿ, ಪಕ್ಕಾ ಬಿಲ್. ತಿಂಗಳ ಬಾಡಿಗೆ ಇಲ್ಲ, ಯಾವ ಒಪ್ಪಂದವೂ ಇಲ್ಲ, ಪೂರ್ತಿ ಖರೀದಿ. ಈ ಮಾತನ್ನು ಒತ್ತಿ ಬರೆಯುತ್ತಿದ್ದೇನೆ, ಮುಂದೆ ಬೇಕಾಗುತ್ತದೆ. ಬಂದದ್ದು ಇಷ್ಟು: ಗೋಡೆಗೆ ಬಿಗಿದ ತಗಡಿನ ಪೆಟ್ಟಿಗೆಯೊಳಗೆ ಎಲ್ಲವನ್ನೂ ನಡೆಸುವ ಪ್ಯಾನೆಲ್, ಅದರ ಕೆಳಗೆ 12 ವೋಲ್ಟ್ 7 ಆಂಪಿಯರ್ ಅವರ್‌ನ ಬ್ಯಾಟರಿ, ಹೆಬ್ಬಾಗಿಲ ಒಳಮಗ್ಗುಲಲ್ಲಿ ಕೀಪ್ಯಾಡ್, ಬಾಗಿಲುಗಳಿಗೆ ಅಯಸ್ಕಾಂತದ ಸೆನ್ಸರ್, ಜಗಲಿಗೂ ಅಟ್ಟಕ್ಕೂ ಚಲನೆ ಗುರುತಿಸುವ ಸೆನ್ಸರ್, ಮಾಡಿನ ಕೆಳಗೆ ಸೈರನ್. ಸಿಮ್ ಹಾಕಿದರೆ ಫೋನ್ ಮಾಡುವ ಸೌಲಭ್ಯವೂ ಇದೆ.

ಯಂತ್ರದ ಬಗ್ಗೆ ದೂರುವುದಕ್ಕೆ ಹೆಚ್ಚೇನೂ ಇಲ್ಲ. ಬಾಗಿಲ ಸೆನ್ಸರ್ ತೀರ ಸರಳ ವಸ್ತು: ಬಾಗಿಲಿಗೆ ಒಂದು ಪುಟ್ಟ ಅಯಸ್ಕಾಂತ, ಚೌಕಟ್ಟಿಗೆ ಗಾಜಿನ ಕೊಳವೆಯೊಳಗಿನ ಸಣ್ಣ ಸ್ವಿಚ್. ಅಯಸ್ಕಾಂತ ದೂರ ಸರಿದರೆ ಸ್ವಿಚ್ಚಿನ ಸ್ಥಿತಿ ಬದಲಾಗುತ್ತದೆ, ಪ್ಯಾನೆಲ್‌ಗೆ ತಿಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಹಲಸಿನ ಬಾಗಿಲು ಉಬ್ಬಿ ಬಿಗಿಯಾದಾಗಲೂ ಇದು ತಪ್ಪು ಹೇಳಲಿಲ್ಲ. ಹೆಸ್ಕಾಂ ಕರೆಂಟು ಇಡೀ ರಾತ್ರಿ ಇಲ್ಲದಿದ್ದಾಗ ಬ್ಯಾಟರಿ ಬೆಳಗಿನವರೆಗೆ ಎಳೆಯಿತು. ಸೈರನ್ನಿನ ಧ್ವನಿ ತೋಟದ ಆಚೆಗೂ ಕೇಳುತ್ತದೆ. ಒಂದು ಅಂಕ ಕಡಿದದ್ದು ಚಲನೆಯ ಸೆನ್ಸರಿಗಾಗಿ. ಅದು ಎದುರಿನ ಶಾಖದಲ್ಲಾಗುವ ಬದಲಾವಣೆಯನ್ನು ನೋಡುವ ಸಾಧನ. ಗೆರೆಗೆರೆಯ ಬಿಳಿ ಪ್ಲಾಸ್ಟಿಕ್ ಮುಖದ ಮೇಲೆ ಹಲ್ಲಿಯೋ ಜೇಡವೋ ಹರಿದಾಡಿದರೆ, ಅಷ್ಟು ಹತ್ತಿರದಿಂದ ಅದಕ್ಕೆ ದೊಡ್ಡ ದೇಹವೇ ಓಡಾಡಿದಂತೆ ತೋರುತ್ತದೆ. ನಮ್ಮ ಅಟ್ಟದಲ್ಲಿ ಹಲ್ಲಿಗಳಿಗೆ ಬರವಿಲ್ಲ.

ಹಾಕಿದ ದಿನ ಹುಡುಗ ನನಗೆ ನಾಲ್ಕಂಕಿಯ ಒಂದು ಕೋಡ್ ಕೊಟ್ಟ. ಮನೆ ಬಿಡುವಾಗ ಅದನ್ನು ಒತ್ತಿ ಅಲಾರಾಂ ಹಚ್ಚುವುದು, ಬಂದು ಒತ್ತಿ ಆರಿಸುವುದು. ಮ್ಯಾನುಯಲ್ ಎಲ್ಲಿ ಎಂದು ಕೇಳಿದ್ದಕ್ಕೆ, "ಅದೆಲ್ಲ ನಿಮಗೆ ಬೇಡ ಅಕ್ಕೋರೇ, ಏನಾದರೂ ಆದರೆ ನಮಗೆ ಫೋನ್ ಮಾಡಿ" ಎಂದ. ಡಬ್ಬಿಯನ್ನೂ ಹಿಂದಕ್ಕೆ ಒಯ್ದ.

ಇಂಥ ಪ್ಯಾನೆಲ್‌ಗಳಲ್ಲಿ ಎರಡು ಮಟ್ಟದ ಕೋಡ್ ಇರುತ್ತದೆ ಎಂಬುದು ಆಗ ನಮಗೆ ಯಾರೂ ಹೇಳದ ಸಂಗತಿ. ಒಂದು ಬಳಕೆದಾರರದು, ಹಚ್ಚಲು, ಆರಿಸಲು ಮಾತ್ರ. ಇನ್ನೊಂದು ಇನ್‌ಸ್ಟಾಲರ್ ಕೋಡ್, ಯಂತ್ರ ಹಾಕಿಕೊಡುವವರದು. ಯಾವ ಬಾಗಿಲು ತೆರೆದರೆ ತಕ್ಷಣ ಕೂಗಬೇಕು, ಯಾವುದಕ್ಕೆ ಅರ್ಧ ನಿಮಿಷ ಅವಕಾಶ ಕೊಡಬೇಕು, ಸೈರನ್ ಎಷ್ಟು ಹೊತ್ತು ಕೂಗಬೇಕು, ಯಾವ ಯಾವ ಸಂಖ್ಯೆಗೆ ಕರೆ ಹೋಗಬೇಕು, ಎಲ್ಲವೂ ಈ ಎರಡನೆಯ ಕೋಡಿನ ಹಿಂದೆ ಇರುತ್ತದೆ. ಮನೆಯ ಕಾವಲಿನ ಲಗಾಮು ಅದರಲ್ಲಿದೆ. ನಮ್ಮ ಹಿತ್ತಿಲ ಬಾಗಿಲನ್ನು 'ತಕ್ಷಣ ಕೂಗು' ಪಟ್ಟಿಗೆ ಸೇರಿಸಿದ್ದರು. ಬೆಳಗಿನ ಜಾವ ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಬಾಗಿಲು ಅದು. ಹೆಬ್ಬಾಗಿಲ ಹತ್ತಿರ ಹೋಗಿ ಅಲಾರಾಂ ಆರಿಸಿ ಬಂದು ಹಿತ್ತಿಲ ಚಿಲಕ ತೆಗೆಯಬೇಕಿತ್ತು. ಮರೆತರೆ ಕೇರಿಗೆಲ್ಲ ಸುಪ್ರಭಾತ. ಇಷ್ಟನ್ನು ಬದಲಿಸಿ ಎಂದಾಗ ಅಂಗಡಿಯವರು ಕೇಳಿದ್ದು ಭೇಟಿ ಶುಲ್ಕ 750 ರೂಪಾಯಿ, ಮತ್ತು ಹುಬ್ಬಳ್ಳಿಯಿಂದ ಟೆಕ್ನೀಷಿಯನ್ ಬರುವವರೆಗೆ ಕಾಯುವಿಕೆ. ಕೀಪ್ಯಾಡಿನಲ್ಲಿ ಕೆಲವು ಗುಂಡಿ ಒತ್ತುವ ಕೆಲಸಕ್ಕೆ!

ಅದನ್ನೂ ಸಹಿಸಿಕೊಂಡೆವು. ಸಹಿಸಲಾಗದ್ದು ಆದದ್ದು ಕಳೆದ ಮಳೆಗಾಲದಲ್ಲಿ. ನಾವಿಬ್ಬರೂ ಕಾರವಾರದ ಅತ್ತಿಗೆಯ ಮನೆಯಲ್ಲಿದ್ದಾಗ ರಾತ್ರಿ ಅಲಾರಾಂ ಕೂಗಿತು. ನಮ್ಮ ಯಾರ ಮೊಬೈಲಿಗೂ ಕರೆ ಬರಲಿಲ್ಲ. ಪಕ್ಕದ ಮನೆಯ ಭಾವ ಟಾರ್ಚ್ ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಮನೆ ಸುತ್ತ ನೋಡಿ, ಬಾಗಿಲುಗಳೆಲ್ಲ ಸರಿಯಾಗಿವೆ ಎಂದು ಫೋನ್ ಮಾಡಿದರು. ಕಾರಣ ಹಲ್ಲಿ ಎಂದು ಮರುದಿನ ತಿಳಿಯಿತು. ಅಟ್ಟದ ಸೆನ್ಸರಿನ ಹಿಂದೆ ಅದರ ಮೊಟ್ಟೆಗಳೇ ಇದ್ದವು. ಹಲ್ಲಿಯ ಬಗ್ಗೆ ನನಗೆ ಸಿಟ್ಟಿಲ್ಲ. ಕರೆ ಎಲ್ಲಿಗೆ ಹೋಯಿತು ಎಂಬುದೇ ನನ್ನ ನಿದ್ದೆ ಕೆಡಿಸಿದ ಪ್ರಶ್ನೆ. ಕಳ್ಳನೇ ಬಂದಿದ್ದರೆ? ಅರವತ್ತು ದಾಟಿದ ಮನುಷ್ಯರೊಬ್ಬರು ಕತ್ತಲಲ್ಲಿ ಒಂಟಿಯಾಗಿ ಅವನೆದುರು ನಿಲ್ಲಬೇಕಾಗುತ್ತಿತ್ತು.

ಅಂಗಡಿಗೆ ಹೋದೆ. ಯಾವ ಸಂಖ್ಯೆಗಳನ್ನು ಹಾಕಿದ್ದೀರಿ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ಇಲ್ಲ ಎಂದರು. ಹಾಗಾದರೆ ಇನ್‌ಸ್ಟಾಲರ್ ಕೋಡ್ ಕೊಡಿ, ನಾನೇ ನೋಡಿಕೊಳ್ಳುತ್ತೇನೆ ಎಂದೆ.

"ಅದನ್ನು ಗ್ರಾಹಕರಿಗೆ ಕೊಡುವ ಪದ್ಧತಿ ಇಲ್ಲ."

"ಯಾರ ಪದ್ಧತಿ?"

"ಕಂಪನಿಯದು. ಸುರಕ್ಷತೆಯ ಪ್ರಶ್ನೆ ಅಕ್ಕೋರೇ. ಮ್ಯಾನುಯಲ್ ಎಲ್ಲರ ಕೈಗೆ ಸಿಕ್ಕಿದರೆ ಕಳ್ಳರೂ ಓದುತ್ತಾರೆ."

ಕಂಪನಿಯದೇ ಪದ್ಧತಿಯೋ ಎಂದು ನೋಡಲು ಮನೆಗೆ ಬಂದು ಪೆಟ್ಟಿಗೆಯ ಬಾಗಿಲು ತೆರೆದೆ. ಮಾದರಿ ಸಂಖ್ಯೆ ಇರಬೇಕಾದ ಜಾಗದ ಮೇಲೆ ಅಂಗಡಿಯ ಫೋನ್ ನಂಬರಿನ ಸ್ಟಿಕರ್ ಅಂಟಿಸಿದ್ದರು. ತೆಂಗಿನೆಣ್ಣೆ ಸವರಿ, ನೆನೆಯಲು ಬಿಟ್ಟು, ಉಗುರಿನ ತುದಿಯಿಂದ ಅಂಚು ಎಬ್ಬಿಸಿ ಮೆಲ್ಲಗೆ ಕಿತ್ತೆ. ಕೆಳಗೆ ತಯಾರಕರ ಚೀಟಿ ಅಚ್ಚಳಿಯದೆ ಇತ್ತು: ಮಾದರಿ ಸಂಖ್ಯೆ, ವೋಲ್ಟೇಜು, ತಂತಿ ಜೋಡಣೆಯ ಚಿತ್ರ. ಆ ಸಂಖ್ಯೆಯನ್ನು ಹಿಡಿದು ಮಗಳು ತಯಾರಕರ ಜಾಲತಾಣದಲ್ಲಿ ಹುಡುಕಿದರೆ ಎರಡೂ ಮ್ಯಾನುಯಲ್‌ಗಳು ಅಲ್ಲಿದ್ದವು, ಬಳಕೆದಾರರದೂ ಇನ್‌ಸ್ಟಾಲರರದೂ. ಹಣ ಕೇಳಲಿಲ್ಲ, ಗುರುತಿನ ಚೀಟಿಯನ್ನೂ ಕೇಳಲಿಲ್ಲ. ತಯಾರಿಸಿದವರೇ ಬಿಚ್ಚಿಟ್ಟಿದ್ದನ್ನು ಮಾರಿದವರು ಮುಚ್ಚಿಟ್ಟಿದ್ದರು. ಈ ಪಾರದರ್ಶಕತೆಗಾಗಿಯೇ ಯಂತ್ರಕ್ಕೆ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ಮುದ್ರಿಸಿ, ಪೆನ್ಸಿಲ್ ಹಿಡಿದು ಓದಿದೆ. ಇಂಗ್ಲಿಷ್ ಬಲ್ಲ, ಒಂದಿಷ್ಟು ತಾಳ್ಮೆಯಿರುವ ಯಾರಿಗಾದರೂ ಅರ್ಥವಾಗುವ ಪುಸ್ತಕ ಅದು. ಕಾರ್ಖಾನೆಯಿಂದ ಬರುವಾಗ ಇರುವ ಇನ್‌ಸ್ಟಾಲರ್ ಕೋಡ್ ಯಾವುದು, ಅದನ್ನು ಬದಲಿಸುವುದು ಹೇಗೆ, ಮರೆತುಹೋದರೆ ವಿದ್ಯುತ್ತನ್ನೂ ಬ್ಯಾಟರಿಯನ್ನೂ ತೆಗೆದು ಬೋರ್ಡಿನ ಎರಡು ಪಿನ್ ಕೂಡಿಸಿ ಮೊದಲಿನ ಸ್ಥಿತಿಗೆ ತರುವುದು ಹೇಗೆ, ಎಲ್ಲ ಇತ್ತು. ಪರಿಚಯದ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಹಾಗೆಯೇ ಮಾಡಿಸಿದೆ. ಆಗಲಿಲ್ಲ. ಅದಕ್ಕೂ ಕಾರಣ ಮ್ಯಾನುಯಲ್‌ನಲ್ಲೇ ಸಿಕ್ಕಿತು: 'ಇನ್‌ಸ್ಟಾಲರ್ ಲಾಕ್' ಎಂಬ ಆಯ್ಕೆಯನ್ನು ಹಾಕಿಬಿಟ್ಟರೆ ಈ ವಿಧಾನದಿಂದ ಕೋಡ್ ಅಳಿಯುವುದಿಲ್ಲ. ಅಂಗಡಿಯವರು ಅದನ್ನು ಹಾಕಿದ್ದರು. ಗೋಡೆ ನಮ್ಮದು, ಪೆಟ್ಟಿಗೆ ನಮ್ಮದು, ಬಿಲ್ ನಮ್ಮ ಹೆಸರಿನಲ್ಲಿದೆ. ಆದರೂ ಬೋರ್ಡ್ ಬದಲಿಸದೆ ಆ ಅಂಗಡಿಯನ್ನು ಬಿಟ್ಟು ಬೇರೆಯವರಿಂದ ರಿಪೇರಿ ಮಾಡಿಸುವ ದಾರಿಯೇ ಇರಲಿಲ್ಲ.

ಈ ಲಾಕ್ ಇರುವುದಕ್ಕೆ ನ್ಯಾಯವಾದ ಸಂದರ್ಭವೂ ಇದೆ. ಯಂತ್ರ ಕಂಪನಿಯದೇ ಆಗಿದ್ದು ಬಾಡಿಗೆಗೆ ಕೊಟ್ಟಿದ್ದರೆ, ಅಥವಾ ಹಗಲು ರಾತ್ರಿ ಕಣ್ಣಿಡುವ ಹೊಣೆಯನ್ನು ಅವರೇ ತಿಂಗಳ ಶುಲ್ಕಕ್ಕೆ ಹೊತ್ತಿದ್ದರೆ, ಮನೆಯವರು ಒಳಗೆ ಕೈಯಾಡಿಸಿ ಕೆಡಿಸಬಾರದು ಎಂದು ಅವರು ಹೇಳಬಹುದು. ನಮ್ಮದರಲ್ಲಿ ಅಂಥ ಯಾವ ಹೊಣೆಯನ್ನೂ ಅವರು ಹೊತ್ತಿರಲಿಲ್ಲ. ಗೊತ್ತಿಲ್ಲದೆ ಯಾವುದನ್ನೋ ಬದಲಿಸಿ ಕೆಡಿಸಿಕೊಳ್ಳುತ್ತಾರೆ ಎಂಬ ಅವರ ಭಯಕ್ಕೂ ಪರಿಹಾರವಿದೆ: ಕೊಟ್ಟ ದಿನದ ಸೆಟ್ಟಿಂಗುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಆಯಿತು, ಆಮೇಲಿನ ಬದಲಾವಣೆಗೆ ನಾವೇ ಹೊಣೆ.

ಕಳ್ಳರೂ ಓದುತ್ತಾರೆ ಎಂಬ ಮಾತಿಗೆ ಗಣಿತದವಳಾಗಿ ನನ್ನ ಬಳಿ ಹಳೆಯ ಉತ್ತರವಿದೆ. ಡಚ್ ವಿದ್ವಾಂಸ ಆಗಸ್ಟ್ ಕೆರ್ಕಾಫ್ಸ್ 1883ರಲ್ಲಿಯೇ ಗೂಢಲಿಪಿಗಳ ಬಗ್ಗೆ ಬರೆಯುತ್ತ ಒಂದು ನಿಯಮ ಹೇಳಿದ್ದಾನೆ. ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಶತ್ರುವಿನ ಕೈಗೆ ಸಿಕ್ಕಿದರೂ ತೊಂದರೆಯಾಗಬಾರದು; ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ ಎಂಬುದು ಅದರ ಸಾರ. ಮ್ಯಾನುಯಲ್ ಎಂದರೆ ವ್ಯವಸ್ಥೆ, ಕೋಡ್ ಎಂದರೆ ಕೀಲಿ. ನಾಲ್ಕಂಕಿಯ ಕೋಡಿಗೆ ಹತ್ತು ಸಾವಿರ ಸಾಧ್ಯತೆಗಳಿವೆ, ಆರಂಕಿಯದಕ್ಕೆ ಹತ್ತು ಲಕ್ಷ. ಮ್ಯಾನುಯಲ್ ಓದಿದ ಕಳ್ಳನಿಗೂ ಅಷ್ಟೂ ಸಾಧ್ಯತೆಗಳು ಎದುರಿಗಿರುತ್ತವೆ. ಪ್ರತಿ ಮನೆಗೂ ಬೇರೆ ಕೋಡ್ ಇಟ್ಟಿದ್ದರೆ, ಎಂದು ಇಲ್ಲಿ ಸೇರಿಸಬೇಕು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ನ್ನು ತೆಗೆದು ಓದಿದ್ದು ಆಮೇಲೆ. ಸೆಕ್ಷನ್ 2(11)ರಲ್ಲಿ 'ಸೇವಾ ನ್ಯೂನತೆ' ಎಂದರೇನು ಎಂದು ಹೇಳುವಾಗ, ಗ್ರಾಹಕನಿಗೆ ಸಂಬಂಧಿಸಿದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ನ್ಯೂನತೆಯೇ ಎಂದು ಸ್ಪಷ್ಟವಾಗಿ ಸೇರಿಸಿದ್ದಾರೆ. ನಮ್ಮ ಜಿಲ್ಲಾ ಗ್ರಾಹಕ ಆಯೋಗ ಕಾರವಾರದಲ್ಲಿದೆ. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಘಟ್ಟ ಇಳಿದು ಹೋಗಿ ಬರುವ ಕಷ್ಟ ಕಡೆಯ ಪಕ್ಷ ಆರಂಭದಲ್ಲಿ ಇಲ್ಲ. ದೂರು ಕೊಡುವ ಮುನ್ನ ಅಂಗಡಿಗೆ ಒಂದು ಪತ್ರ ಬರೆದೆ. ಬಿಲ್ಲಿನ ಸಂಖ್ಯೆ, ದಿನಾಂಕ, ಮಾದರಿ. ಪೂರ್ತಿ ಹಣ ಕೊಟ್ಟು ಖರೀದಿಸಿದ ಯಂತ್ರ ಎಂಬ ಮಾತು. ಬೇಕಾದದ್ದು ಇನ್‌ಸ್ಟಾಲರ್ ಕೋಡ್ ಮತ್ತು ಈಗಿನ ಸೆಟ್ಟಿಂಗುಗಳ ಪಟ್ಟಿ. ಕಾಯ್ದೆಯ ಆ ಸಾಲು. ಉತ್ತರಕ್ಕೆ ಹದಿನೈದು ದಿನದ ಗಡುವು. ಕೋಪದ ಒಂದು ಪದವೂ ಬೇಡ ಎಂದು ಯಜಮಾನರು ಹೇಳಿದ್ದು ಒಳ್ಳೆಯದಾಯಿತು. ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳಿಸಿದೆ.

ಗಡುವಿಗೆ ಮುಂಚೆಯೇ ಮೊಬೈಲಿಗೆ ಸಂದೇಶ ಬಂತು. ಆರು ಅಂಕೆ, ಬೇರೇನೂ ಇಲ್ಲ. ಸೆಟ್ಟಿಂಗುಗಳ ಪಟ್ಟಿಯನ್ನು ಇವತ್ತಿಗೂ ಕೊಟ್ಟಿಲ್ಲ.

ಕೀಪ್ಯಾಡಿನ ಮುಂದೆ ಮ್ಯಾನುಯಲ್ ಹಿಡಿದು ನಿಂತು ಒಳಗೆ ಹೋದೆ. ಕರೆ ಹೋಗುವ ಸಂಖ್ಯೆಗಳ ಜಾಗದಲ್ಲಿ ಮೊದಲನೆಯದು ನಮ್ಮದಲ್ಲ. ಆ ಸಂಖ್ಯೆಗೆ ಫೋನ್ ಮಾಡಿದರೆ ಎತ್ತಿದವನು ನಮ್ಮ ಮನೆಗೆ ತಂತಿ ಎಳೆದ ಅದೇ ಹುಡುಗ. ಪರೀಕ್ಷೆಗೆಂದು ತನ್ನ ನಂಬರ್ ಹಾಕಿದ್ದನಂತೆ, ತೆಗೆಯುವುದು ಉಳಿದುಹೋಯಿತಂತೆ. ಅಂಗಡಿ ಬಿಟ್ಟು ಗೋವಾದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಆ ರಾತ್ರಿ ಮಲಗಿದ್ದವನಿಗೆ ಕರೆ ಹೋಗಿದೆ, ಅವನು ಎತ್ತಿ ಏನೆಂದು ತಿಳಿಯದೆ ಇಟ್ಟಿದ್ದಾನೆ. ಕರೆ ಎತ್ತಿದರು ಎಂದು ಪ್ಯಾನೆಲ್ ಅಲ್ಲಿಗೇ ಸುಮ್ಮನಾಗಿದೆ. ಹುಡುಗ ಪ್ರಾಮಾಣಿಕ, ನನ್ನೆದುರು ನೊಂದುಕೊಂಡ. ಆದರೆ ನಾವು ಯಾವಾಗ ಮನೆಯಲ್ಲಿಲ್ಲ ಎಂಬ ಸುದ್ದಿ ನಮ್ಮ ದುಡ್ಡಿನ ಯಂತ್ರದಿಂದಲೇ ಬೇರೆಯವರ ಮೊಬೈಲಿಗೆ ಹೋಗುತ್ತಿತ್ತು, ಮತ್ತು ಅದನ್ನು ನೋಡುವ ಹಕ್ಕು ನಮಗಿರಲಿಲ್ಲ.

ಇನ್ನೂ ಕೆಟ್ಟದ್ದು ಸಂಜೆ ಗೊತ್ತಾಯಿತು. ಪಕ್ಕದ ಮನೆಯ ಭಾವನೂ ಅದೇ ಅಂಗಡಿಯಿಂದ ಅದೇ ಮಾದರಿ ಹಾಕಿಸಿದ್ದಾರೆ. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಒಪ್ಪಿಗೆ ಪಡೆದು, ಅವರ ಕೀಪ್ಯಾಡಿನಲ್ಲಿ ನನಗೆ ಬಂದ ಆರು ಅಂಕೆಗಳನ್ನು ಒತ್ತಿದೆ. ತೆರೆದುಕೊಂಡಿತು. ಭಾವನ ಹೆಂಡತಿಯ ಮುಖ ಬಿಳಿಚಿತು. ಸುರಕ್ಷತೆಯ ಹೆಸರಿನಲ್ಲಿ ಮನೆಯವರಿಗೆ ಕೊಡದ ಕೋಡನ್ನು ಅಂಗಡಿಯವರು ತಾವು ಹಾಕಿದ ಮನೆಗಳಿಗೆಲ್ಲ ಒಂದೇ ಇಟ್ಟುಕೊಂಡಿದ್ದಾರೆ ಎಂದು ಅನುಮಾನಿಸಲು ಇದಕ್ಕಿಂತ ಹೆಚ್ಚು ಬೇಕೆ? ಅದನ್ನು ಬಲ್ಲವನು ಒಮ್ಮೆ ಮನೆಯೊಳಗೆ ಬಂದರೆ ಅಟ್ಟದ ಸೆನ್ಸರನ್ನು ಪಟ್ಟಿಯಿಂದ ತೆಗೆದು ಹೋಗಬಹುದು. ಆಮೇಲೆ ಅಟ್ಟದಲ್ಲಿ ಯಾರು ಓಡಾಡಿದರೂ ಪ್ಯಾನೆಲ್ ಗಮನಿಸುವುದಿಲ್ಲ. ಕೆಲಸ ಬಿಟ್ಟ ಪ್ರತಿಯೊಬ್ಬನೂ ಆ ಕೋಡನ್ನು ತಲೆಯಲ್ಲಿ ಹೊತ್ತುಕೊಂಡೇ ಹೋಗಿರುತ್ತಾನೆ. ಅಂಗಡಿಗೆ ಹೋಗಿ ಇದನ್ನು ತಿಳಿಸಿದೆ. "ನೋಡೋಣ" ಎಂದರು. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎರಡೂ ಮನೆಗಳ ಇನ್‌ಸ್ಟಾಲರ್ ಕೋಡನ್ನು ಅಂದೇ ಬದಲಿಸಿದೆವು, ಬೇರೆ ಬೇರೆ. ಹಿತ್ತಿಲ ಬಾಗಿಲಿಗೆ ಈಗ ಮೂವತ್ತು ಸೆಕೆಂಡು ಅವಕಾಶವಿದೆ. ಕರೆಯ ಪಟ್ಟಿಯಲ್ಲಿ ನಾನು, ಭಾವ, ಮಗಳು. ಅಟ್ಟದ ಸೆನ್ಸರಿನ ಸೂಕ್ಷ್ಮತೆಯನ್ನು ಒಂದು ಮಟ್ಟ ಇಳಿಸಿ, ಅದರ ಹಿಂದಿನ ಸಂದುಗಳನ್ನು ಎಲೆಕ್ಟ್ರಿಷಿಯನ್ ಮುಚ್ಚಿಕೊಟ್ಟ. ಸಿಮ್ ವಿಷಯವನ್ನೂ ಮ್ಯಾನುಯಲ್‌ನಿಂದಲೇ ತಿಳಿದೆ. ಈ ಪ್ಯಾನೆಲ್ 2ಜಿ ಜಾಲದಲ್ಲಿ ಮಾತ್ರ ಕರೆ ಮಾಡುತ್ತದೆ. ಜಿಯೋದಲ್ಲಿ 2ಜಿ ಇಲ್ಲ, ಹಾಗಾಗಿ ಆ ಸಿಮ್ ಇದಕ್ಕೆ ಆಗದು. ನಮ್ಮ ಕಡೆ ಬಿ.ಎಸ್.ಎನ್.ಎಲ್. ಸಿಗುವುದರಿಂದ ನಮಗೆ ತೊಂದರೆಯಾಗಲಿಲ್ಲ. ರೀಚಾರ್ಜ್ ಮುಗಿದರೆ ಅಲಾರಾಂ ಮೂಕವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಇಂಥ ಬ್ಯಾಟರಿ ಮೂರರಿಂದ ಐದು ವರ್ಷ ಬರುತ್ತದೆ. ನಮ್ಮ ತೇವಕ್ಕೆ ತುದಿಗಳಲ್ಲಿ ಆಗಲೇ ಹಸಿರು ಕಿಲುಬು ಹಿಡಿದಿತ್ತು, ಉಜ್ಜಿ ತೆಗೆದು ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಸಮುದ್ರದ ಉಪ್ಪುಗಾಳಿ ತಾಗುವ ಕಾರವಾರ, ಹೊನ್ನಾವರದ ಮನೆಯವರು ಇನ್ನೂ ಬೇಗ ಬೇಗ ತೆಗೆದು ನೋಡಬೇಕು.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ 'ರಿಪೇರಿಯ ಹಕ್ಕು' ಜಾಲತಾಣ ತೆರೆದು, ಮೊಬೈಲು, ಗೃಹೋಪಯೋಗಿ ಯಂತ್ರ, ವಾಹನ, ಕೃಷಿ ಉಪಕರಣಗಳ ತಯಾರಕರು ಮ್ಯಾನುಯಲ್ ಮತ್ತು ರಿಪೇರಿ ಮಾಹಿತಿಯನ್ನು ಅಲ್ಲಿ ಕೊಡಬೇಕೆಂದು ಬಯಸಿತು. ನಮ್ಮ ಪ್ರಾಣ, ಸೊತ್ತು ಕಾಯುವ ಯಂತ್ರಕ್ಕೆ ಆ ಮಾತು ಮಿಕ್ಸರಿಗಿಂತ ಹೆಚ್ಚಾಗಿ ಅನ್ವಯಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಈಗಾಗಲೇ ಹಾಕಿಸಿದವರು ಪೆಟ್ಟಿಗೆ ತೆರೆದು ಮಾದರಿ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿ. ತೆರೆಯುವಾಗ ಸೈರನ್ ಕೂಗಬಹುದು, ಮುಚ್ಚಳಕ್ಕೂ ಒಂದು ಸ್ವಿಚ್ ಇರುತ್ತದೆ. ಗಾಬರಿ ಬೇಡ, ನಿಮ್ಮ ಕೋಡ್ ಒತ್ತಿದರೆ ನಿಲ್ಲುತ್ತದೆ. ಇನ್‌ಸ್ಟಾಲರ್ ಕೋಡನ್ನು ಅಂಗಡಿಯಿಂದ ಲಿಖಿತವಾಗಿ ಕೇಳಿ, ಬಂದ ದಿನವೇ ಬದಲಿಸಿ. ಕೊಡದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹೊಸದಾಗಿ ಹಾಕಿಸುವವರು ಬಿಲ್ಲಿನ ಮೇಲೆಯೇ 'ಎರಡೂ ಕೋಡ್, ಎರಡೂ ಮ್ಯಾನುಯಲ್ ಗ್ರಾಹಕರಿಗೆ ಕೊಟ್ಟಿದೆ, ಇನ್‌ಸ್ಟಾಲರ್ ಲಾಕ್ ಹಾಕಿಲ್ಲ' ಎಂದು ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿಗೆ ಮುಂಗಡ ಕೊಡಬೇಡಿ.